ಗರಗಸ ಹಿಡಿಯುವ ಮುನ್ನ

1992ರ ಆಗಸ್ಟ್ 24ರ ಬೆಳಗ್ಗೆ ಅಮೆರಿಕದ ಫ್ಲಾರಿಡಾ ರಾಜ್ಯದ ದಕ್ಷಿಣ ತುದಿಯಲ್ಲಿ, ಹೋಮ್‌ಸ್ಟೆಡ್ ಪಟ್ಟಣದ ಸುತ್ತ ಎಲ್ಲಿ ನೋಡಿದರೂ ಹಸಿರಿರಲಿಲ್ಲ. ಹಿಂದಿನ ಸಂಜೆಯವರೆಗೂ ಅದು ಮಾವು, ಬೆಣ್ಣೆಹಣ್ಣು, ನಿಂಬೆ ತೋಟಗಳ ಸೀಮೆ. ನಸುಕಿನಲ್ಲಿ ಬಂದೆರಗಿದ ಆಂಡ್ರ್ಯೂ ಎಂಬ ಹರಿಕೇನ್ ಗಂಟೆಗೆ ಸುಮಾರು 265 ಕಿಲೋಮೀಟರ್ ವೇಗದಲ್ಲಿ ಬೀಸಿ ಹೋಗಿತ್ತು. ಮೊದಲು ಅದನ್ನು ನಾಲ್ಕನೇ ದರ್ಜೆಯದೆಂದು ಗುರುತಿಸಿದ್ದರು. ಲೆಕ್ಕವನ್ನು ಮತ್ತೆ ಪರಿಶೀಲಿಸಿ 2002ರಲ್ಲಿ ಐದನೇ ದರ್ಜೆಗೆ, ಅಂದರೆ ಕೊನೆಯ ಮೆಟ್ಟಿಲಿಗೆ ಏರಿಸಿದರು. ಸಾಲುಸಾಲಾಗಿ ಮರಗಳು ಬೇರು ಸಮೇತ ಮಲಗಿದ್ದವು. ನಿಂತುಕೊಂಡವುಗಳ ಮೈಮೇಲೆ ಎಲೆ ಎಂಬುದೇ ಉಳಿದಿರಲಿಲ್ಲ.

ಅಲ್ಲಿಂದ ಉತ್ತರಕ್ಕೆ, ಮಯಾಮಿಗೆ ಅಂಟಿಕೊಂಡಿರುವ ಕೋರಲ್ ಗೇಬಲ್ಸ್‌ನಲ್ಲಿ ಫೇರ್‌ಚೈಲ್ಡ್ ಸಸ್ಯೋದ್ಯಾನವಿದೆ. ಅಮೆರಿಕ ಸರ್ಕಾರಕ್ಕಾಗಿ ದೇಶದೇಶ ಸುತ್ತಿ ಗಿಡ, ಬೀಜ ತಂದ ಡೇವಿಡ್ ಫೇರ್‌ಚೈಲ್ಡ್ ಅವರ ಹೆಸರಿನ ಈ ತೋಟ 1938ರಲ್ಲಿ ತೆರೆದುಕೊಂಡಿತು. ತಾಳೆ ಜಾತಿಯ ಮರಗಳ ಸಂಗ್ರಹಕ್ಕೆ ಅದು ಜಗತ್ತಿನಲ್ಲೇ ಹೆಸರುವಾಸಿ. ಅರ್ಧ ಶತಮಾನ ಬೆಳೆಸಿದ ಆ ತೋಟದ ಮೇಲೂ ಆಂಡ್ರ್ಯೂ ಹಾದುಹೋಯಿತು. ಮರುದಿನದಿಂದ ಅಲ್ಲಿಯ ಸಿಬ್ಬಂದಿ, ಸ್ವಯಂಸೇವಕರು ಮಾಡಿದ ಕೆಲಸವನ್ನು ಗಮನಿಸಬೇಕು. ಎಬ್ಬಿಸಬಹುದಾದ ಮರಗಳನ್ನು ಎಬ್ಬಿಸಿದರು, ಬರಿಮೈಯಾಗಿ ನಿಂತ ಕಾಂಡಗಳಿಗೆ ನೆರಳು ಮಾಡಿದರು, ಉಳಿದವುಗಳಿಗೆ ಸಮಯ ಕೊಟ್ಟರು.

ಈ ಮೂರನೆಯದೇ ಎಲ್ಲಕ್ಕಿಂತ ಕಷ್ಟದ ಕೆಲಸ. ಚಂಡಮಾರುತ ಬಂದು ಹೋದ ಊರಿನಲ್ಲಿ ಮರಕ್ಕೆ ಎರಡನೆಯ ಅಪಾಯವೊಂದು ಕಾದಿರುತ್ತದೆ: ಮನುಷ್ಯರ ಅವಸರ. ರಸ್ತೆ ತೆರವಾಗಬೇಕು, ವಿದ್ಯುತ್ ಬರಬೇಕು, ಮನೆಯ ಮೇಲೆ ಬಿದ್ದ ಕೊಂಬೆ ತೆಗೆಯಬೇಕು. ಇವೆಲ್ಲ ತಡೆಯಲಾಗದ ಕೆಲಸಗಳು, ಸರಿ. ಆದರೆ ಅದೇ ಓಟದಲ್ಲಿ, ಯಾರ ದಾರಿಗೂ ಅಡ್ಡ ಇಲ್ಲದೆ ಅಂಗಳದ ಮೂಲೆಯಲ್ಲಿ ನಿಂತಿದ್ದ ಮರವೂ ‘ಇದು ಇನ್ನು ಬದುಕುವುದಿಲ್ಲ’ ಎಂಬ ಒಂದು ಮಾತಿಗೆ ನೆಲ ಕಾಣುತ್ತದೆ. ಬೋಳಾಗಿ, ಮುರಿದು, ವಾಲಿ ನಿಂತ ಮರ ನೋಡುವುದಕ್ಕೆ ಸಂಕಟವಾಗುತ್ತದೆ. ಆ ಸಂಕಟವೇ ಕೈಗೆ ಗರಗಸ ಕೊಡುತ್ತದೆ. ನನಗೆ ಹೇಳಬೇಕಿರುವುದು ಆ ಗರಗಸ ಎತ್ತುವ ಮೊದಲಿನ ಕೆಲವು ದಿನ, ಕೆಲವು ವಾರಗಳ ಬಗ್ಗೆ.

ಜೀವಕ್ಕೆ ಸಂಬಂಧಿಸಿದ ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ತಂತಿ ತಾಗಿರುವ ಮರವನ್ನು ಮುಟ್ಟಬಾರದು, ವಿದ್ಯುತ್ ಇಲಾಖೆಯವರು ಬರಲಿ. ಮುರಿದು ಮೇಲೆಯೇ ಸಿಕ್ಕಿಕೊಂಡು ನೇತಾಡುವ ಕೊಂಬೆಯ ಕೆಳಗೆ ನಿಲ್ಲಬಾರದು. ಬಾಗಿ ಬಿಗಿಯಾಗಿರುವ ಕಾಂಡವನ್ನು ಕತ್ತರಿಸಿದಾಗ ಅದು ಚಿಮ್ಮಿ ಹೊಡೆಯುತ್ತದೆ. ಅಮೆರಿಕದಲ್ಲಿ ಪ್ರತಿ ಹರಿಕೇನ್ ನಂತರವೂ ಗಾಳಿ ನಿಂತ ಮೇಲೆ, ತೆರವು ಮಾಡುವಾಗಲೇ ಜನ ಸಾಯುತ್ತಾರೆ. ಯಂತ್ರ ಗರಗಸದ ಅನುಭವ ಇಲ್ಲದವರು ಏಣಿ ಹತ್ತಿ ಅದನ್ನು ಚಲಾಯಿಸುವುದು ಬೇಡವೇ ಬೇಡ.

ಬೋಳು ಮರದ ಒಳಗೆ

ಎಲೆ ಹೋದ ಮರ ಸತ್ತ ಮರವಲ್ಲ. ಎಲೆ ಮಾಡಿದ ಊಟವೆಲ್ಲ ಆ ದಿನವೇ ಖರ್ಚಾಗುವುದಿಲ್ಲ. ಅದರ ಒಂದು ಪಾಲು ಪಿಷ್ಟದ ರೂಪದಲ್ಲಿ ಕಾಂಡ, ದಪ್ಪ ಕೊಂಬೆ, ಬೇರುಗಳ ಕಣಜ ಸೇರಿರುತ್ತದೆ. ತೊಗಟೆಯಡಿ ವರ್ಷಗಟ್ಟಲೆ ಸುಮ್ಮನೆ ಮಲಗಿರುವ ಮೊಗ್ಗುಗಳಿರುತ್ತವೆ. ತುದಿಯ ಚಿಗುರು, ಎಲೆಗಳು ಇರುವ ತನಕ ಅವಕ್ಕೆ ಏಳಲು ಅಪ್ಪಣೆ ಇಲ್ಲ. ಗಾಳಿ ಅವನ್ನೆಲ್ಲ ಕಿತ್ತೊಯ್ದಾಗ ಆ ತಡೆ ಹೋಗಿ, ಮಲಗಿದ್ದ ಮೊಗ್ಗುಗಳು ಕಣಜದ ಕಾಳು ತಿಂದು ಎದ್ದುಬರುತ್ತವೆ. ಕೆಲವೇ ವಾರಗಳಲ್ಲಿ ಕಾಂಡದ ಮೈಮೇಲೆಲ್ಲ, ಎಂದೂ ಚಿಗುರದ ಜಾಗಗಳಲ್ಲೂ ಎಳೆ ಎಲೆ ಮೂಡುತ್ತದೆ. ಹರಿಕೇನ್‌ಗೆ ಸಿಕ್ಕ ಊರುಗಳಲ್ಲಿ ವಸಂತದಲ್ಲಿ ಅರಳಬೇಕಾದ ಪೇರ್, ಅಜೇಲಿಯಾ, ಮ್ಯಾಗ್ನೋಲಿಯಾಗಳು ಅಕ್ಟೋಬರಿನಲ್ಲೇ ಹೂ ಬಿಡುವುದುಂಟು. ಜನ ಅದನ್ನು ಕೌತುಕದಿಂದ ನೋಡುತ್ತಾರೆ. ಕಾರಣ ಇಷ್ಟೇ: ಮೊಗ್ಗನ್ನು ಹಿಡಿದಿಟ್ಟಿದ್ದ ಎಲೆ ಇಲ್ಲವಾಗಿದೆ.

ಜೀವ ಇದೆಯೇ ಎಂದು ತಿಳಿಯಲು ಉಗುರು ಸಾಕು. ಎಳೆಯ ರೆಂಬೆಯ ತೊಗಟೆಯನ್ನು ಒಂದಿಷ್ಟು ಕೆರೆದರೆ ಒಳಗೆ ಹಸಿರು, ತೇವ ಕಂಡರೆ ಆ ರೆಂಬೆ ಬದುಕಿದೆ. ಕಂದು ಬಣ್ಣದಲ್ಲಿ ಒಣಗಿದ್ದರೆ ಇನ್ನಷ್ಟು ಕೆಳಗೆ, ಮತ್ತಷ್ಟು ಕೆಳಗೆ ಕೆರೆಯುತ್ತ ಹೋಗಬೇಕು. ತುದಿ ಒಣಗಿ ಬುಡ ಜೀವಂತವಾಗಿರುವುದು ಸಾಮಾನ್ಯ. ಮೊದಲ ಚಿಗುರಿಗೆ ಕಾದರೆ ಮರವೇ ತನ್ನ ಗಡಿಯನ್ನು ತೋರಿಸುತ್ತದೆ. ಎಲ್ಲಿ ಚಿಗುರಿತೋ ಅಲ್ಲಿಯವರೆಗೆ ಜೀವ, ಅದರಾಚೆಗೆ ಒಣಗು. ಆಗ ಕತ್ತರಿಸಿದರೆ ತಪ್ಪಾಗುವ ಸಂಭವ ಕಡಿಮೆ.

ಬೋಳಾದ ಮರಕ್ಕೆ ಮುಂದಿನ ಶತ್ರು ಬಿಸಿಲು. ಹತ್ತಿಪ್ಪತ್ತು ವರ್ಷ ಎಲೆಯ ನೆರಳಿನಲ್ಲೇ ಇದ್ದ ಕೊಂಬೆ ಒಮ್ಮೆಲೇ ಉರಿಬಿಸಿಲಿಗೆ ಮೈ ಒಡ್ಡಿದಾಗ ತೊಗಟೆ ಸುಡುತ್ತದೆ, ಬಿರಿಯುತ್ತದೆ, ಆ ಬಿರುಕಿನಿಂದ ಕೀಟ, ಶಿಲೀಂಧ್ರಗಳು ಒಳ ಸೇರುತ್ತವೆ. ಆಂಡ್ರ್ಯೂ ನಂತರ ದಕ್ಷಿಣ ಫ್ಲಾರಿಡಾದ ಮಾವು, ಬೆಣ್ಣೆಹಣ್ಣಿನ ಬೆಳೆಗಾರರಿಗೆ ಇದು ದೊಡ್ಡ ಪೆಟ್ಟು ಕೊಟ್ಟಿತು. ಗಾಳಿಯಿಂದ ಪಾರಾದ ಮರ ಬಿಸಿಲಿಗೆ ಸೋಲುವುದನ್ನು ಅವರು ಕಣ್ಣಾರೆ ಕಂಡರು. ಅದಕ್ಕೆ ಅವರು ಕಂಡುಕೊಂಡ ಉಪಾಯ ಕಾಂಡ, ಕೊಂಬೆಗಳಿಗೆ ಬಿಳಿ ಬಳಿಯುವುದು. ನಮ್ಮ ಮಲೆನಾಡಿನ, ಕರಾವಳಿಯ ಅಡಿಕೆ ಬೆಳೆಗಾರರಿಗೆ ಇದನ್ನು ಯಾರೂ ಹೊಸದಾಗಿ ಕಲಿಸಬೇಕಿಲ್ಲ. ನೈಋತ್ಯದ ಇಳಿಬಿಸಿಲಿಗೆ ಸಿಗುವ ಸಾಲಿನ ಅಡಿಕೆ ಮರಗಳಿಗೆ ಸುಣ್ಣ ಬಳಿಯುವುದು, ಸೋಗೆ ಕಟ್ಟುವುದು ಅವರ ವಾರ್ಷಿಕ ಕೆಲಸವೇ. ಸುಣ್ಣದ ತಿಳಿ ಸಾಕು, ಇಲ್ಲವೇ ನೀರು ಬೆರೆಸಿದ ಬಿಳಿ ಡಿಸ್ಟೆಂಪರ್. ಎಣ್ಣೆ ಬಣ್ಣ ಮಾತ್ರ ಸಲ್ಲದು. ಸಣ್ಣ ಗಿಡವಾದರೆ ನೆರಳು ಪರದೆಯೋ ಹಳೆಯ ಸೀರೆಯೋ ಸಾಕು. ಹೊಸ ಎಲೆ ಬಂದು ತನ್ನ ನೆರಳನ್ನು ತಾನೇ ಮಾಡಿಕೊಳ್ಳುವವರೆಗೆ ಇರಲಿ.

ನೀರು ಹದವಾಗಿ ಸಿಗಬೇಕು. ಎಲೆ ಇಲ್ಲದ ಮರ ಕುಡಿಯುವುದು ಕಡಿಮೆ, ಹಾಗೆಂದು ಬೇರು ಒಣಗಲೂಬಾರದು. ಗೊಬ್ಬರದ ವಿಷಯದಲ್ಲಿ ನನ್ನ ಮಾತು ಖಡಾಖಂಡಿತ: ಆ ಗಳಿಗೆಯಲ್ಲಿ ಬೇಡ. ಬೇರು ಹರಿದಿರುವ ಗಿಡಕ್ಕೆ ಯೂರಿಯಾ ಸುರಿದರೆ ಉಳಿದ ಬೇರೂ ಸುಡುತ್ತದೆ, ಎಳಸು ಚಿಗುರಿಗಾಗಿ ಕಣಜದ ಕೊನೆಯ ಕಾಳೂ ಬರಿದಾಗುತ್ತದೆ. ಹೊಸ ಎಲೆ ಬಲಿತ ಮೇಲೆ, ಸ್ವಲ್ಪ ಸ್ವಲ್ಪವಾಗಿ ಕೊಡಬಹುದು. ಅಲ್ಲಿಯವರೆಗೆ ಬುಡದ ಸುತ್ತ ತರಗೆಲೆ ಹೊದಿಸಿದರೆ ಸಾಕು, ಕಾಂಡಕ್ಕೆ ತಾಗದಂತೆ. ಚಂಡಮಾರುತ ಸುರಿದುಹೋದ ತರಗೆಲೆ ಅಂಗಳದ ತುಂಬ ಬಿದ್ದಿರುತ್ತದಲ್ಲ, ಅದನ್ನು ಸುಡುವುದೇಕೆ?

ಬಿದ್ದ ಮರ ಎಬ್ಬಿಸುವುದು

ಮಲಗಿದ ಮರಗಳಲ್ಲಿ ಯಾವುದನ್ನು ಎಬ್ಬಿಸಬೇಕು, ಯಾವುದನ್ನು ಬಿಡಬೇಕು? ಫ್ಲಾರಿಡಾ ವಿಶ್ವವಿದ್ಯಾಲಯದ ತಜ್ಞರು ನೆರಳು ಮರಗಳಿಗೆ ಕೊಡುವ ಅಳತೆ ಸರಳವಾಗಿದೆ: ಕಾಂಡದ ಅಡ್ಡಳತೆ ನಾಲ್ಕು ಇಂಚಿನ ಒಳಗಿದ್ದರೆ ಎಬ್ಬಿಸಿ, ಮತ್ತೆ ಬೇರು ಬಿಟ್ಟೀತು. ಅದಕ್ಕಿಂತ ದೊಡ್ಡದಾದರೆ ಹರಿದ ಬೇರು ಮರಳಿ ಹಿಡಿತ ಪಡೆಯುವುದು ಅನುಮಾನ, ಮುಂದಿನ ಗಾಳಿಗೆ ಯಾರದೋ ತಲೆಯ ಮೇಲೆ ಬೀಳಬಹುದು. ಹಣ್ಣಿನ ತೋಟದ ಲೆಕ್ಕ ಬೇರೆ. ಅಲ್ಲಿ ಮರವನ್ನು ಮೊದಲೇ ಕುಳ್ಳಾಗಿ ಬೆಳೆಸಿರುತ್ತಾರೆ, ಕೊಂಬೆ ತಗ್ಗಿಸಿ ಟ್ರ್ಯಾಕ್ಟರ್‌ನಿಂದ ಎಬ್ಬಿಸಿದ ಬಲಿತ ಮರಗಳೂ ಬದುಕಿವೆ.

ಎಬ್ಬಿಸುವ ಕೆಲಸದಲ್ಲಿ ಮಾತ್ರ ತಡ ಮಾಡುವಂತಿಲ್ಲ. ಗಾಳಿಗೆ ತೆರೆದ ಬೇರು ಬಹಳ ಬೇಗ ಒಣಗುತ್ತದೆ. ಬೇರೆಲ್ಲ ಕೆಲಸಗಳ ನಡುವೆ ಇವತ್ತು ಎಬ್ಬಿಸಲಾಗದಿದ್ದರೆ, ಒದ್ದೆ ಗೋಣಿ ಹೊದಿಸಿ, ಮೇಲೆ ಮಣ್ಣೋ ಸೊಪ್ಪೋ ಹಾಕಿ, ದಿನಕ್ಕೆರಡು ಸಲ ನೀರು ಚಿಮುಕಿಸಿ. ಆಂಡ್ರ್ಯೂ ನಂತರ ವಾರಗಟ್ಟಲೆ ಕರೆಂಟ್ ಇಲ್ಲದೆ ಪಂಪುಗಳು ನಿಂತಿದ್ದವು. ನೀರಿಲ್ಲದಿದ್ದರೆ ನೆರಳಾದರೂ ಬೇಕು. ಎಬ್ಬಿಸುವ ದಿನ, ಮೊದಲು ಬೇರಿನ ಕೆಳಗಿನ ಗುಂಡಿಯನ್ನು ಅಗಲ ಮಾಡಿ, ಮಡಚಿಕೊಂಡ ಬೇರುಗಳಿಗೆ ಜಾಗ ಮಾಡಬೇಕು. ಸಿಗಿದು ಚಿಂದಿಯಾದ ಬೇರಿನ ತುದಿಯನ್ನು ಹರಿತವಾದ ಕತ್ತಿಯಿಂದ ನೀಟಾಗಿ ಕತ್ತರಿಸಬೇಕು. ಹಗ್ಗ ಕಟ್ಟುವಲ್ಲಿ ಕಾಂಡಕ್ಕೆ ಗೋಣಿ ಸುತ್ತಿ, ನಿಧಾನವಾಗಿ, ಎಳೆತ ಒಂದೇ ಸಮ ಇರುವಂತೆ ಎತ್ತಬೇಕು. ಜಗ್ಗಿದರೆ ಇನ್ನೂ ಮಣ್ಣಿನಲ್ಲಿ ಹಿಡಿದುಕೊಂಡಿರುವ ಬೇರುಗಳೂ ಕಿತ್ತುಬರುತ್ತವೆ, ಆ ಬೇರುಗಳೇ ಮರದ ಪ್ರಾಣ. ಮೊದಲು ಎಷ್ಟು ಆಳದಲ್ಲಿತ್ತೋ ಅಷ್ಟೇ ಆಳದಲ್ಲಿ ನಿಲ್ಲಿಸಿ, ಅದೇ ಮಣ್ಣು ತುಂಬಿ, ನೀರು ಬಿಟ್ಟು ಕೂರಿಸಬೇಕು. ಬುಡಕ್ಕೆ ಮಣ್ಣು ಏರಿಸಿ ಗಟ್ಟಿ ಮಾಡಿದೆವು ಎಂದುಕೊಂಡರೆ ಬೇರಿಗೆ ಉಸಿರು ಕಟ್ಟುತ್ತದೆ. ಕನಿಷ್ಠ ಮೂರು ಕಡೆ ಆಸರೆ ಗೂಟ, ಅಗಲವಾದ ಪಟ್ಟಿ. ವರ್ಷವಾದರೂ ಇರಲಿ, ಆದರೆ ಎರಡು ಮೂರು ತಿಂಗಳಿಗೊಮ್ಮೆ ಪಟ್ಟಿ ಸಡಿಲಿಸದಿದ್ದರೆ ಅದೇ ಕಾಂಡಕ್ಕೆ ಉರುಳಾಗುತ್ತದೆ. ಹೊಸದಾಗಿ ನೆಟ್ಟ ಗಿಡದಷ್ಟೇ ಕಾಳಜಿಯಿಂದ ನೀರು ಬೇಕು, ಮುಂದಿನ ಬೇಸಿಗೆ ಕಳೆಯುವವರೆಗೂ.

ಆಂಡ್ರ್ಯೂ ಬಿದ್ದ ಮರಗಳ ಬೇರನ್ನು ಎಲ್ಲರ ಕಣ್ಣಿಗೂ ತೆರೆದಿಟ್ಟಿತು. ದಕ್ಷಿಣ ಫ್ಲಾರಿಡಾದಲ್ಲಿ ಕೆಲವು ಇಂಚು ಮಣ್ಣಿನ ಕೆಳಗೆ ಸುಣ್ಣಕಲ್ಲು. ಬೆಳೆಗಾರರು ಯಂತ್ರದಿಂದ ಕಲ್ಲು ಸೀಳಿ, ಕಂದಕ ಕೊರೆದು ಅಲ್ಲಿ ಗಿಡ ನೆಡುತ್ತಾರೆ. ಅಂಥ ನೆಲದಲ್ಲಿ ಗೂಟಿ ಕಟ್ಟಿ ಬೆಳೆಸಿದ ನಿಂಬೆ ಮರಗಳು, ಬೀಜದ ಬೇರಿನ ಮೇಲೆ ಕಸಿ ಮಾಡಿದ ಮರಗಳಿಗಿಂತ ಸುಲಭವಾಗಿ ಮಗುಚಿಕೊಂಡವು. ಗೂಟಿ ಗಿಡಕ್ಕೆ ತಾಯಿಬೇರು ಇರುವುದಿಲ್ಲ. ಬೇಗ ಕಾಯಿ ಕೊಡುತ್ತದೆ, ನೆಲ ಹಿಡಿಯುವುದು ಕಡಿಮೆ. ಆ ಸೀಮೆಯ ನಿಂಬೆ ವ್ಯವಸಾಯ ಆ ಪೆಟ್ಟಿನಿಂದ, ಆಮೇಲೆ ಬಂದ ಕಜ್ಜಿ ರೋಗದಿಂದ ಮತ್ತೆ ಮೇಲೇಳಲೇ ಇಲ್ಲ. ಗೂಟಿಯಿಂದ ದಾಳಿಂಬೆ, ಪನ್ನೇರಳೆ ಬೆಳೆಸುವ ನಮ್ಮವರೂ ಗಾಳಿ ಹೊಡೆಯುವ ಜಾಗದಲ್ಲಿ ಈ ವಿಷಯವನ್ನು ಮನಸ್ಸಿನಲ್ಲಿಡಬೇಕು.

ಎಲ್ಲಿ ಕತ್ತರಿಸಬೇಕು

ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಗರಗಸದಿಂದ ಸಾವಿರಾರು ಮರಗಳನ್ನು ಉದ್ದುದ್ದ ಸೀಳಿ, ಗಾಯವಾದಾಗ ಒಳಗೆ ಏನಾಗುತ್ತದೆ ಎಂದು ನೋಡಿದವರು. ಅವರು ಕಂಡದ್ದು: ಪ್ರಾಣಿಗಳ ಹಾಗೆ ಮರ ಗಾಯವನ್ನು ಮಾಯಿಸಿಕೊಳ್ಳುವುದಿಲ್ಲ. ಕೊಳೆತ ಹರಡದಂತೆ ಗಾಯದ ಸುತ್ತ ಗೋಡೆ ಕಟ್ಟುತ್ತದೆ, ಹಳೆಯ ಗಾಯವನ್ನು ಒಳಗೇ ಬಿಟ್ಟು ಹೊರಗಡೆ ಹೊಸ ಮರ ಬೆಳೆಸುತ್ತದೆ. ಕೊಂಬೆ ಕಾಂಡ ಸೇರುವಲ್ಲಿ ತೊಗಟೆ ಉಬ್ಬಿ ಉಂಗುರದಂತಿರುತ್ತದಲ್ಲ, ಆ ಗೋಡೆ ಕಟ್ಟುವ ಶಕ್ತಿ ಅಲ್ಲೇ ಹೆಚ್ಚು. ಉಬ್ಬಿನ ಹೊರಗೆ ಕತ್ತರಿಸಿದರೆ ಗಾಯ ಮುಚ್ಚಿಕೊಳ್ಳುತ್ತದೆ. ಕಾಂಡಕ್ಕೆ ಸಮವಾಗಿ ನುಣ್ಣಗೆ ಕತ್ತರಿಸಿದರೆ ಆ ಉಬ್ಬೇ ಹೋಗಿ ಕಾಂಡದೊಳಕ್ಕೆ ಕೊಳೆತ ಇಳಿಯುತ್ತದೆ. ಮೊಂಡಾಗಿ ಗೇಣುದ್ದ ಬಿಟ್ಟರೂ ಕೊಳೆತವೇ. ಕತ್ತರಿಸಿದ ಜಾಗಕ್ಕೆ ಟಾರು, ಬಣ್ಣ ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ ಎಂದೂ ಶೈಗೊ ತೋರಿಸಿದರು.

ಭಾರವಾದ ಕೊಂಬೆಗೆ ಮೂರು ಕೊಯ್ತ. ಮೊದಲು ಕಾಂಡದಿಂದ ಒಂದಡಿ ದೂರದಲ್ಲಿ ಕೆಳಗಿನಿಂದ ಅರ್ಧದಷ್ಟು, ಆಮೇಲೆ ಅದಕ್ಕಿಂತ ಸ್ವಲ್ಪ ಹೊರಗೆ ಮೇಲಿನಿಂದ ಪೂರ್ತಿ. ಭಾರ ಕಳಚಿಬಿದ್ದ ಮೇಲೆ ಉಳಿದ ಮೊಂಡನ್ನು ಉಬ್ಬಿನ ಅಂಚಿಗೆ ಕತ್ತರಿಸಬೇಕು. ಹೀಗೆ ಮಾಡದಿದ್ದರೆ ಬೀಳುವ ಕೊಂಬೆ ತನ್ನ ಜೊತೆ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಹೋಗುತ್ತದೆ.

ಇನ್ನು ‘ಮುಂದಿನ ಗಾಳಿಗೆ ಬೀಳದಿರಲಿ’ ಎಂದು ನೆತ್ತಿ ಬೋಳಿಸಿ, ದಪ್ಪ ಮೊಂಡುಗಳಷ್ಟೇ ಉಳಿಯುವಂತೆ ಕಡಿದುಬಿಡುವ ಪದ್ಧತಿ. ಮಯಾಮಿ ಇರುವ ಜಿಲ್ಲೆಯಲ್ಲಿ ಇದಕ್ಕೆ ಕಾನೂನಿನ ನಿಷೇಧವೇ ಇದೆ. ನಮ್ಮ ಊರುಗಳ ರಸ್ತೆಬದಿಯಲ್ಲಿ ಪ್ರತಿ ಮಳೆಗಾಲಕ್ಕೆ ಮುಂಚೆ ನಡೆಯುವುದು ಇದೇ. ಮೊಂಡಿನಿಂದ ಹುಟ್ಟುವ ಚಿಗುರುಗಳು ತೊಗಟೆಯ ಮೇಲ್ಮೈಗಷ್ಟೇ ಅಂಟಿಕೊಂಡಿರುತ್ತವೆ, ಒಳಗಿನ ಕಟ್ಟಿಗೆಯೊಡನೆ ಬೆಸುಗೆ ಇರುವುದಿಲ್ಲ. ನಾಲ್ಕೈದು ವರ್ಷದಲ್ಲಿ ಅವೇ ಉದ್ದ ಬೆಳೆದು, ಕೊಳೆತ ಮೊಂಡಿನ ಅಂಚಿನಿಂದ ಕಿತ್ತು ಬೀಳುತ್ತವೆ. ಅಪಾಯ ಕಳೆಯಲೆಂದು ಮಾಡಿದ್ದು ಅಪಾಯವನ್ನೇ ನೆಡುತ್ತದೆ.

ತಾಳ್ಮೆಯ ಕತ್ತರಿಗೆ ಒಂದು ಸಾಕ್ಷಿ ದಕ್ಷಿಣ ಕ್ಯಾರೊಲಿನಾದ ಜಾನ್ಸ್ ದ್ವೀಪದಲ್ಲಿದೆ. ಏಂಜಲ್ ಓಕ್ ಎಂದು ಕರೆಯುವ ಆ ಲೈವ್ ಓಕ್ ಮರ ಎತ್ತರದಲ್ಲಿ ಇಪ್ಪತ್ತು ಮೀಟರಿನಷ್ಟೇ, ನೆರಳು ಮಾತ್ರ ಸುಮಾರು 1,600 ಚದರ ಮೀಟರು. ಅದಕ್ಕೆ ನಾನೂರರಿಂದ ಐನೂರು ವರ್ಷ ಎಂದು ಅಂದಾಜು. 1989ರ ಸೆಪ್ಟೆಂಬರಿನಲ್ಲಿ ಹ್ಯೂಗೊ ಹರಿಕೇನ್ ಅದೇ ಕರಾವಳಿಗೆ ಅಪ್ಪಳಿಸಿದಾಗ ಏಂಜಲ್ ಓಕ್‌ಗೂ ಭಾರಿ ಗಾಯಗಳಾದವು. ಇಂದು ಆ ಮರ ಚೇತರಿಸಿಕೊಂಡು ನಿಂತಿದೆ, ನೆಲಕ್ಕೊರಗಿ ಮತ್ತೆ ಮೇಲೇರುವ ಅದರ ಕೊಂಬೆಗಳನ್ನು ನೋಡಲು ದೂರದೂರದಿಂದ ಜನ ಬರುತ್ತಾರೆ. ಗಾಯಗೊಂಡ ಹಳೆಯ ಮರವನ್ನು ಕಡಿಯಲು ಹೊರಟವರಿಗೆ ನಾನು ತೋರಿಸುವ ಮರ ಇದು.

ತೆಂಗಿಗೆ ಬೇರೆಯೇ ಲೆಕ್ಕ

ಇಲ್ಲಿಯವರೆಗೆ ಹೇಳಿದ್ದರಲ್ಲಿ ಬಹುಪಾಲು ತೆಂಗು, ಅಡಿಕೆ, ತಾಳೆಗಳಿಗೆ ಹೊಂದುವುದಿಲ್ಲ. ಅವಕ್ಕೆ ಮಲಗಿರುವ ಮೊಗ್ಗುಗಳಿಲ್ಲ. ಇರುವುದು ನೆತ್ತಿಯಲ್ಲೊಂದೇ ಸುಳಿ. ಸುಳಿ ಸತ್ತರೆ ಮರ ಸತ್ತಂತೆ. ಕಾಂಡದ ಗಾಯವೂ ಎಂದಿಗೂ ಮುಚ್ಚುವುದಿಲ್ಲ, ಆದ್ದರಿಂದ ಆಸರೆ ಕೊಡುವಾಗ ತೆಂಗಿನ ಮೈಗೆ ಮೊಳೆ ಹೊಡೆಯಲೇಬಾರದು. ಕಾಂಡದ ಸುತ್ತ ಗೋಣಿ ಸುತ್ತಿ, ಮರದ ತುಂಡುಗಳನ್ನು ಪಟ್ಟಿಯಿಂದ ಬಿಗಿದು, ಆ ತುಂಡುಗಳಿಗೆ ಗೂಟ ಜೋಡಿಸಬೇಕು.

ಒಳ್ಳೆಯ ಸುದ್ದಿಯೂ ಇದೆ. ತೆಂಗಿನ ಜಾತಿಯ ಬೇರುಗಳು ಕಾಂಡದ ಬುಡದಿಂದ ಹೊಸದಾಗಿ ಹುಟ್ಟುತ್ತಲೇ ಇರುತ್ತವೆ, ಹಾಗಾಗಿ ವಾಲಿದ ಎಳೆ ಮರವನ್ನು ಎಬ್ಬಿಸಿ ನಿಲ್ಲಿಸಿದರೆ ಹಿಡಿದುಕೊಳ್ಳುತ್ತದೆ. ಗರಿಗಳೆಲ್ಲ ತಿರುಚಿ, ನೇತುಬಿದ್ದು, ಅರ್ಧ ಒಣಗಿದಂತೆ ಕಂಡರೂ ಹಸಿರು ಉಳಿದಿರುವ ಗರಿಯನ್ನು ಕಡಿಯಬೇಡಿ. ಮಡಚಿದ ಗರಿಯೂ ಮರಕ್ಕೆ ಊಟ ಮಾಡಿ ಕೊಡುತ್ತಿರುತ್ತದೆ, ಹಳೆಯ ಗರಿಯಲ್ಲಿರುವ ಪೊಟ್ಯಾಷ್ ಹೊಸ ಗರಿಗೆ ಹರಿದುಹೋಗುತ್ತಿರುತ್ತದೆ. ಸುಳಿಗೆ ಪೆಟ್ಟು ಬಿದ್ದ ಅನುಮಾನವಿದ್ದರೆ ತಾಮ್ರದ ಶಿಲೀಂಧ್ರನಾಶಕವನ್ನು ಸುಳಿಗೆ ಇಳಿಯುವಂತೆ ಹಾಕಬೇಕೆಂದು ಫ್ಲಾರಿಡಾದವರು ಹೇಳುತ್ತಾರೆ. ನಮ್ಮ ತೋಟಗಳಲ್ಲಿ ಮೈಲುತುತ್ತ, ಸುಣ್ಣ ಕಲಸಿ ಮಾಡುವ ಬೋರ್ಡೋ ದ್ರಾವಣ ಇದಕ್ಕೇ ಇರುವುದು. ಆಮೇಲೆ ಕಾಯಬೇಕು, ಆರು ತಿಂಗಳಾದರೂ. ಮೊದಲು ಬರುವ ಒಂದೆರಡು ಗರಿ ಸೊಟ್ಟಗೆ, ಮುದುಡಿಕೊಂಡು ಬಂದರೆ ಗಾಬರಿ ಬೇಡ. ಗಾಳಿಯ ದಿನ ಸುಳಿಯೊಳಗೆ ಎಳಸಾಗಿದ್ದ ಗರಿಗಳವು.

2018ರ ನವೆಂಬರ್ 16ರಂದು ಗಜ ಚಂಡಮಾರುತ ತಮಿಳುನಾಡಿನ ವೇದಾರಣ್ಯದ ಬಳಿ ದಡ ಸೇರಿ ತಂಜಾವೂರು, ನಾಗಪಟ್ಟಣ, ಪುದುಕೋಟೆ ಭಾಗದಲ್ಲಿ ಲಕ್ಷಗಟ್ಟಲೆ ತೆಂಗಿನ ಮರಗಳನ್ನು ಉರುಳಿಸಿತು. ನಿಂತುಕೊಂಡ ಮರಗಳ ಒಡೆಯರಿಗೂ ಕಷ್ಟ ತಪ್ಪುವಂಥದ್ದಲ್ಲ. ತೆಂಗಿನ ಹೊಂಬಾಳೆ ಅರಳುವುದಕ್ಕೆ ಎರಡು ಎರಡೂವರೆ ವರ್ಷ ಮುಂಚೆಯೇ ಸುಳಿಯೊಳಗೆ ಅದರ ಮೊಳಕೆ ಮೂಡಿರುತ್ತದೆ, ಅರಳಿದ ಮೇಲೆ ಕಾಯಿ ಬಲಿಯಲು ಮತ್ತೊಂದು ವರ್ಷ. ಒಂದು ರಾತ್ರಿಯ ಗಾಳಿ ಎರಡು ಮೂರು ವರ್ಷದ ಫಸಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಪರಿಹಾರವನ್ನು ಬಿದ್ದ ಮರಗಳ ತಲೆಎಣಿಕೆಯಲ್ಲಷ್ಟೇ ಲೆಕ್ಕ ಹಾಕುವುದು ಅನ್ಯಾಯ ಎಂದು ನಾನು ನಂಬುವುದು ಇದೇ ಕಾರಣಕ್ಕೆ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯನ್ನು ಉಜ್ಜಿಕೊಂಡು ಹೋದಾಗ ಕಡಲಂಚಿನ ತೆಂಗುಗಳನ್ನು ಅಲೆ ಬುಡ ಕೊರೆದು ಬೀಳಿಸಿತು. ಬಿದ್ದ ಕಾಂಡಗಳನ್ನು ತೋಟದಲ್ಲೇ ಕೊಳೆಯಲು ಬಿಡಬಾರದು. ಅದರಲ್ಲಿ ಕುರುವಾಯಿ ದುಂಬಿ ಮರಿ ಮಾಡುತ್ತದೆ, ನಿಂತ ಮರದ ಹಸಿ ಗಾಯಕ್ಕೆ ಕೆಂಪು ಮೂತಿ ಹುಳು ಬರುತ್ತದೆ. ಗಾಳಿಯಿಂದ ಪಾರಾದ ಮರ ಇವುಗಳ ಪಾಲಾಗುವುದನ್ನು ಆರು ತಿಂಗಳ ನಂತರ ನೋಡಬೇಕಾಗುತ್ತದೆ.

ಉಪ್ಪು ಮತ್ತು ನಿಂತ ನೀರು

ಕಡಲ ಗಾಳಿ ಹೊತ್ತುತಂದ ಉಪ್ಪಿನ ತುಂತುರು ಎಲೆಯ ಮೇಲೆ ಕೂತರೆ ಅಂಚಿನಿಂದ ಸುಟ್ಟುಕೊಂಡು ಬರುತ್ತದೆ. ಸಿಹಿನೀರು ಸಿಕ್ಕಿದ ಮೊದಲ ದಿನವೇ ಗಿಡಗಳ ಮೈ ತೊಳೆಯಬೇಕು. ಮಣ್ಣಿಗೆ ಉಪ್ಪುನೀರು ನುಗ್ಗಿದ್ದರೆ ಬಸಿಗಾಲುವೆ ತೆರೆದು, ಹೆಚ್ಚು ಸಿಹಿನೀರು ಬಿಟ್ಟು ಉಪ್ಪನ್ನು ಕೆಳಕ್ಕೆ ತಳ್ಳಬೇಕು. ಜೇಡಿಮಣ್ಣಾದರೆ ಸೋಡಿಯಂ ಮಣ್ಣಿನ ಕಣಗಳನ್ನು ಬಿಡಿಸಿ ಕೆಸರುಗಟ್ಟಿಸುತ್ತದೆ, ಅಲ್ಲಿ ಜಿಪ್ಸಂ ನೆರವಾಗುತ್ತದೆ. ಮಯಾಮಿಯ ಸುಣ್ಣಕಲ್ಲಿನ ನೆಲದಲ್ಲಿ ಕ್ಯಾಲ್ಸಿಯಂ ಮೊದಲೇ ತುಂಬಿರುವುದರಿಂದ ಜಿಪ್ಸಂ ಹಾಕಿ ಪ್ರಯೋಜನವಿಲ್ಲ.

ನಿಂತ ನೀರು ಉಪ್ಪಿಗಿಂತ ಮೋಸದ್ದು. ಬೇರಿಗೆ ಗಾಳಿ ಬೇಕು, ನೀರು ನಿಂತ ಮಣ್ಣಿನಲ್ಲಿ ಒಂದೆರಡು ದಿನದಲ್ಲೇ ಅದು ಮುಗಿಯುತ್ತದೆ. ಬೆಣ್ಣೆಹಣ್ಣಿನ ಮರ ಕೆಲವೇ ದಿನಗಳಲ್ಲಿ ಬೇರು ಕೊಳೆತು ಸಾಯುತ್ತದೆ, ಮಾವು ಅದಕ್ಕಿಂತ ತಾಳಿಕೊಳ್ಳುತ್ತದೆ. 2005ರ ಆಗಸ್ಟ್ 29ರಂದು ಕತ್ರೀನಾ ಹರಿಕೇನ್ ಬಂದು ಒಡ್ಡುಗಳು ಒಡೆದಾಗ ನ್ಯೂ ಆರ್ಲಿಯನ್ಸ್ ನಗರ ವಾರಗಟ್ಟಲೆ ಚೌಳುನೀರಿನಲ್ಲಿ ನಿಂತಿತ್ತು. ಸಿಟಿ ಪಾರ್ಕ್ ಎಂಬ ಅಲ್ಲಿಯ ವಿಶಾಲ ಉದ್ಯಾನದಲ್ಲಿ ಸಾವಿರಕ್ಕೂ ಹೆಚ್ಚು ಮರಗಳು ಹೋದವು. ಗಾಳಿಗೆ ಜಗ್ಗದ ಮ್ಯಾಗ್ನೋಲಿಯಾಗಳು ನೀರಿನಲ್ಲಿ ಸತ್ತವು, ಅದೇ ನೀರಿನಲ್ಲಿ ನಿಂತ ಹಳೆಯ ಲೈವ್ ಓಕ್‌ಗಳು ಬಹುಪಾಲು ಬದುಕಿದವು. ನೀರು ಇಳಿದ ಮೇಲೆ ಹಸಿ ಮಣ್ಣಿನ ಮೇಲೆ ಲಾರಿ, ಬುಲ್ಡೋಜರ್ ಓಡಿಸದಿರುವುದೂ ಒಂದು ಆರೈಕೆ. ಅವುಗಳ ಭಾರಕ್ಕೆ ಮಣ್ಣು ಬಿಗಿದುಕೊಂಡರೆ ಬೇರು ಇನ್ನೊಮ್ಮೆ ಉಸಿರು ಕಳೆದುಕೊಳ್ಳುತ್ತದೆ.

ಮಣ್ಣು ಬಿಗಿಯುವುದು ಎಂದಾಗ ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಕಥೆ ಹೇಳದಿರಲಾರೆ. 1987ರ ಅಕ್ಟೋಬರ್ 16ರ ಬಿರುಗಾಳಿ ಹರಿಕೇನ್ ಆಗಿರಲಿಲ್ಲ, ಆದರೂ ಒಂದೇ ರಾತ್ರಿಯಲ್ಲಿ ಕ್ಯೂ ತೋಟದ 700 ಮರಗಳು ಹೋದವು. 1798ರಲ್ಲಿ ನೆಟ್ಟ ಟರ್ನರ್ ಓಕ್ ಎಂಬ ಮರವನ್ನು ಗಾಳಿ ಬೇರು ಸಮೇತ ಎತ್ತಿ ಮತ್ತೆ ಅದೇ ಗುಂಡಿಗೆ ಕೂರಿಸಿತು. ಕೆಲಸ ರಾಶಿ ಬಿದ್ದಿತ್ತು. ಊರುಗೋಲು ಕೊಟ್ಟು, ಕಡಿಯುವ ಸರದಿಯಲ್ಲಿ ಅದನ್ನು ಕೊನೆಗೆ ಇಟ್ಟರು. ಸರದಿ ಬಂದದ್ದು ಮೂರು ವರ್ಷದ ಮೇಲೆ. ನೋಡಿದರೆ, ಬಿರುಗಾಳಿಗೆ ಮುಂಚೆ ಸೊರಗಿ ಹೋಗಿದ್ದ ಮರ ಹೊಸ ಕಳೆಯಿಂದ ಬೆಳೆಯುತ್ತಿತ್ತು. ಮರಗಳ ಹೊಣೆ ಹೊತ್ತಿದ್ದ ಟೋನಿ ಕರ್ಕಮ್ ಅದರ ಕಾರಣ ಗುರುತಿಸಿದರು: ತಲೆಮಾರುಗಳ ಕಾಲ ಆ ನೆರಳಿನಲ್ಲಿ ನಡೆದವರ ಕಾಲಿಗೆ ಸಿಕ್ಕಿ ಮಣ್ಣು ಗಟ್ಟಿಯಾಗಿತ್ತು, ಗಾಳಿ ಮರವನ್ನು ಎತ್ತಿದಾಗ ಅದು ಸಡಿಲವಾಯಿತು. ಅಂದಿನಿಂದ ಕ್ಯೂ ತೋಟದಲ್ಲಿ ಹಳೆಯ ಮರಗಳ ಬುಡದ ಮಣ್ಣಿಗೆ ಒತ್ತಡದ ಗಾಳಿ ಹಾಯಿಸಿ ಸಡಿಲಿಸುತ್ತಾರೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ಕಾಂಡಕ್ಕೆ ತಾಗುವಂತೆ ಸಿಮೆಂಟ್ ಹಾಕಿಸಿಕೊಂಡು ನಿಂತ ಮರಗಳನ್ನು ಕಂಡಾಗಲೆಲ್ಲ ಈ ಓಕ್ ನೆನಪಾಗುತ್ತದೆ. ಮರಗಳ ಸುತ್ತ ಒಂದು ಮೀಟರ್ ಕಾಂಕ್ರೀಟ್ ತೆಗೆಯಬೇಕೆಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ದೆಹಲಿಯ ಆಡಳಿತಕ್ಕೆ ಆದೇಶಿಸಿತ್ತು. ಹಾಗೆ ತೆಗೆದರೆ ನಮ್ಮ ಮುಂಗಾರಿನ ಮೊದಲ ಗಾಳಿಗೆ ಬೀಳುವ ಎಷ್ಟೋ ಮರಗಳು ಉಳಿಯುತ್ತವೆ.

ಮತ್ತೆ ನೆಡುವಾಗ

ಆಂಡ್ರ್ಯೂ ನಂತರ ಫ್ಲಾರಿಡಾ ವಿಶ್ವವಿದ್ಯಾಲಯದ ಮೇರಿ ಡ್ಯುರ್ಯೇ ಮತ್ತು ಸಂಗಡಿಗರು ಒಂದೊಂದು ಹರಿಕೇನ್ ಬಂದಾಗಲೂ ಊರೂರು ಸುತ್ತಿ ಯಾವ ಮರ ಬಿತ್ತು, ಯಾವುದು ನಿಂತಿತು ಎಂದು ಎಣಿಸಿದರು. ಒಂಟಿ ಮರಕ್ಕಿಂತ ಗುಂಪಿನಲ್ಲಿದ್ದ ಮರಗಳು ಹೆಚ್ಚು ಉಳಿದವು. ಎಳವೆಯಿಂದ ಸರಿಯಾಗಿ ಸವರಿ ಬೆಳೆಸಿದವು, ಬೇರಿಗೆ ಅಗಲ ಜಾಗ ಸಿಕ್ಕಿದವು ಉಳಿದವು. ಲೈವ್ ಓಕ್, ಬೋಳು ಸೈಪ್ರೆಸ್, ಸಬಾಲ್ ತಾಳೆ ಗಟ್ಟಿ. ಬೇಗ ಬೆಳೆದು ಬೇಗ ನೆರಳು ಕೊಡುವ ಲಾರೆಲ್ ಓಕ್‌ನಂಥವು ಬೇಗ ಬಿದ್ದವು. ಪಾಠ ನರ್ಸರಿಯಲ್ಲೇ ಶುರುವಾಗುತ್ತದೆ. ಪ್ಲಾಸ್ಟಿಕ್ ಚೀಲದಲ್ಲಿ ಬೇರು ಸುರುಳಿ ಸುತ್ತಿಕೊಂಡ ಗಿಡವನ್ನು ಹಾಗೆಯೇ ನೆಟ್ಟರೆ ಇಪ್ಪತ್ತು ವರ್ಷದ ಮೇಲೂ ಆ ಸುರುಳಿ ಬಿಚ್ಚುವುದಿಲ್ಲ. ನೆಡುವ ಮೊದಲು ಬೇರನ್ನು ಬಿಡಿಸಬೇಕು, ಬಿಡಿಸಲಾಗದಷ್ಟು ಸುತ್ತಿಕೊಂಡಿದ್ದರೆ ಸುತ್ತು ಕತ್ತರಿಸಬೇಕು.

ಏನು ಮಾಡಿದರೂ ಕೆಲವು ಮರಗಳು ಉಳಿಯುವುದಿಲ್ಲ. ಆಗಲೂ ಕಡಿಯುವ ಮೊದಲು ಮಾಡಬೇಕಾದ ಒಂದು ಕೆಲಸ ಇದೆ. ಫ್ಲಾರಿಡಾದ ಮಾವಿನ ಚರಿತ್ರೆಯೇ ಅದಕ್ಕೆ ಆಧಾರ. 1889ರಲ್ಲಿ ಅಮೆರಿಕದ ಕೃಷಿ ಇಲಾಖೆ ಭಾರತದಿಂದ ಮಲ್ಗೋವಾ ಕಸಿ ಗಿಡಗಳನ್ನು ತರಿಸಿ ಅಲ್ಲಿಯ ಲೇಕ್ ವರ್ತ್ ಬಳಿ ನೆಡಿಸಿತು. 1895ರ ಕಡುಚಳಿಗೆ ಉಳಿದವೆಲ್ಲ ಸತ್ತು ಒಂದೇ ಒಂದು ಮರ ಬದುಕಿತು. ಅದರ ಹಣ್ಣಿನ ಗೊರಟೆಗಳನ್ನು ಕ್ಯಾಪ್ಟನ್ ಹೇಡನ್ ಎಂಬುವರು 1902ರಲ್ಲಿ ಕೋಕೊನಟ್ ಗ್ರೋವ್‌ನಲ್ಲಿ ನೆಟ್ಟು ಮರುವರ್ಷವೇ ತೀರಿಕೊಂಡರು. ಅವರ ಪತ್ನಿ ಆ ಗಿಡಗಳನ್ನು ಸಾಕಿದರು. 1910ರಲ್ಲಿ ಹಣ್ಣು ಕೊಟ್ಟ ಒಂದು ಗಿಡವೇ ಹೇಡನ್ ಮಾವು. ಇಂದು ಜಗತ್ತಿನ ಅಂಗಡಿಗಳಲ್ಲಿ ಸಿಗುವ ಟಾಮಿ ಅಟ್ಕಿನ್ಸ್, ಕೆಂಟ್‌ನಂಥ ತಳಿಗಳು ಅದರ ವಂಶದವು.

ಇಂಥ ವಂಶ ನಮ್ಮಲ್ಲೂ ನದಿದಂಡೆಗಳಲ್ಲಿ ನಿಂತಿದೆ. ಶರಾವತಿ, ಅಘನಾಶಿನಿ, ಕಾಳಿ ಕೊಳ್ಳಗಳ ಅಪ್ಪೆಮಿಡಿ ಮರಗಳು ಒಂದೊಂದೂ ಬೇರೆ ಪರಿಮಳದವು. ಗೊರಟೆಯಿಂದ ಬಂದ ಗಿಡಕ್ಕೆ ತಾಯಿಯದೇ ಗುಣ ಬರುವ ಭರವಸೆ ಇಲ್ಲ. ಗಾಳಿಗೋ ನೆರೆಗೋ ಅಂಥ ಮರ ಉರುಳಿದರೆ, ಕಟ್ಟಿಗೆಯವನನ್ನು ಕರೆಯುವ ಮೊದಲು ಪೆನ್ಸಿಲ್ ದಪ್ಪದ, ತುದಿ ಮೊಗ್ಗು ಉಬ್ಬಿದ, ಬಲಿತ ಕಡ್ಡಿಗಳನ್ನು ಕತ್ತರಿಸಿ ಇಟ್ಟುಕೊಳ್ಳಿ. ಎಲೆಗಳನ್ನು ತೊಟ್ಟು ಬಿಟ್ಟು ಸವರಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದೊಳಗೆ ತಂಪಿನಲ್ಲಿಟ್ಟರೆ ಕೆಲವು ದಿನ ತಾಳುತ್ತವೆ. ಅಷ್ಟರೊಳಗೆ ಕಸಿ ಬಲ್ಲವರ ಕೈ ಸೇರಬೇಕು. ಮಲೆನಾಡು, ಕರಾವಳಿಯ ಮರಗಳನ್ನು ಬೀಳಿಸುವ ಗಾಳಿಮಳೆ ಹೆಚ್ಚಾಗಿ ಬರುವುದು ಮೇ ಕೊನೆಯಿಂದ ಆಗಸ್ಟ್‌ವರೆಗೆ. ನರ್ಸರಿಗಳಲ್ಲಿ ಮಾವಿನ ಎಳೆ ಕಾಂಡದ ಕಸಿ ಕಟ್ಟುವುದೂ ಅದೇ ತಿಂಗಳುಗಳಲ್ಲಿ.